ನಾಳೆ ಹತ್ತು ಗಂಟೆಗೆ ಪಂದ್ಯ

ಆಟದ ತಾರೀಖು ತಪ್ಪಲು ನಮ್ಮ ಕಡೆ ಯಾರೂ ವಿಶೇಷ ಶ್ರಮ ಪಡಬೇಕಾಗಿಲ್ಲ. ಅದು ತಾನಾಗಿಯೇ ತಪ್ಪುತ್ತದೆ; ನಾವು ಆಮೇಲೆ ಕಾರಣ ಹುಡುಕುತ್ತೇವೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಆ ಕಾರಣ ನಾನಾಗಿದ್ದೆ.

ಆಗ ನಾನು ರಾಮದುರ್ಗದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಹೆಂಡತಿಯ ಅಣ್ಣ ದುಬೈಯಿಂದ ಬರುವಾಗ ಅಂಗೈಯಗಲದ ಡಿಜಿಟಲ್ ಡೈರಿಯೊಂದನ್ನು ತಂದುಕೊಟ್ಟಿದ್ದರು. ತಾರೀಖು, ವೇಳೆ, ಕೆಲಸ ಒತ್ತಿಟ್ಟರೆ ನೆನಪಿಸುತ್ತದೆ ಎಂದರು. ನನಗೆ ನೆನಪಿಡುವಂಥ ಕೆಲಸಗಳೇ ಇರಲಿಲ್ಲ. ಆದರೆ ಅದು ಪ್ರಿನ್ಸಿಪಾಲರ ಕಣ್ಣಿಗೆ ಬಿತ್ತು.

"ನಮ್ಮ ಆಟದ ಮಾಸ್ತರು ಪಂದ್ಯದ ಪತ್ರಾ ಅಂಗಿ ಕಿಸೇದಾಗ ಇಡತಾರ್ರಿ. ಮನ್ಯಾಗ ಅಂಗಿ ಒಗದ ಬಿಡತಾರ. ಇನ್ನ ಮುಂದ ಎಲ್ಲಾ ತಾರೀಖು ನಿಮ್ಮ ಮಷಿನ್ಯಾಗ ಹಾಕ್ರಿ," ಎಂದರು.

ಆ ವರ್ಷ ಇದು ತಮಾಷೆಯ ಮಾತಾಗಿರಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿ ಉದ್ದ ಜಿಗಿತದ ಹುಡುಗಿಯೊಬ್ಬಳಿದ್ದಳು. ನಮ್ಮ ತಂಡಗಳನ್ನು ಟೆಂಪೊದಲ್ಲಿ ಒಯ್ಯುತ್ತಿದ್ದ ಸುರೇಬಾನದ ಡ್ರೈವರ್ ಸಾಹೇಬರ ಮಗಳು. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದರೆ ಆ ಸರ್ಟಿಫಿಕೇಟಿನ ಮೇಲೆ ದೈಹಿಕ ಶಿಕ್ಷಣದ ತರಬೇತಿಗೆ ಸೀಟು ಸಿಗುತ್ತಿತ್ತು. ಅಪ್ಪನ ನಿಲುವು ಸ್ಪಷ್ಟವಿತ್ತು: "ಸೀಟ ಸಿಕ್ಕರ ಕಳಸ್ತೇನಿ ಸರ್. ಸಿಗಲಿಲ್ಲಂದ್ರ ಮನ್ಯಾಗ ಹೊಲಿಗಿ ಮಷಿನ್ ಐತಿ."

೧. ಸವದತ್ತಿ

ಮೊದಲ ಪಂದ್ಯ ಹುಡುಗರ ವಾಲಿಬಾಲ್. ಮಧ್ಯಾಹ್ನ ಡೈರಿ ನೋಡಿ, "ನಾಳೆ ಹತ್ತು ಗಂಟೆಗೆ" ಎಂದು ಆಟದ ಮಾಸ್ತರರಿಗೆ ಹೇಳಿದೆ. ಮರುದಿನ ಟೆಂಪೊ ತುಂಬಿಕೊಂಡು ಸವದತ್ತಿಗೆ ಹೋದರೆ ಮೈದಾನದಲ್ಲಿ ಅಲ್ಲಿನ ಮಾಸ್ತರರೊಬ್ಬರೇ ಸುಣ್ಣದ ಬುಟ್ಟಿ ಹಿಡಿದು ನಿಂತಿದ್ದರು.

"ಪಂದ್ಯ ನಾಳಿ ಐತ್ರಿ. ಇರ್ಲಿ, ಬಂದೀರಿ, ಚಾ ಕುಡೀರಿ. ಆಮ್ಯಾಲೆ ಹುಡುಗೂರನ ಸ್ವಲ್ಪ ಈ ಕಡೆ ಕಳಸ್ರಿ."

ಡೈರಿಯಲ್ಲಿ ಹಗಲಿಗೆ ರಾತ್ರಿ, ರಾತ್ರಿಗೆ ಹಗಲು ಇತ್ತು. ಹೀಗಾಗಿ ಪ್ರತಿದಿನ ಮಧ್ಯಾಹ್ನ ನಾನು ಊಟಕ್ಕೆ ಕೂಡುವ ಹೊತ್ತಿಗೇ ಅದರಲ್ಲಿ ಮರುದಿನದ ತಾರೀಖು ಬಂದುಬಿಡುತ್ತಿತ್ತು. ಇದು ಆಮೇಲೆ ತಿಳಿಯಿತು. ಅಂದು ನಮ್ಮ ಹುಡುಗರು ಕಂಬ ನೆಟ್ಟರು, ಬಲೆ ಕಟ್ಟಿದರು, ಗೆರೆ ಹಾಕಿದರು. ಮರುದಿನ ಮೊದಲ ಸುತ್ತಿನಲ್ಲೇ ಸೋತರು. ಗೆರೆಗಳು ಮಾತ್ರ ಬಹಳ ನೆಟ್ಟಗಿವೆ ಎಂದು ಗೆದ್ದವರೂ ಒಪ್ಪಿಕೊಂಡರು.

ಆಟದ ಮಾಸ್ತರರು ಬೇಸರಿಸಲಿಲ್ಲ. ಇವರು ನಾಳೆ ಎಂದರೆ ನಾಡಿದ್ದು ಎಂದು ತಿಳಿಯುವುದು, ಅಷ್ಟೇ ಎಂದುಕೊಂಡರು. ನನಗೆ ಹೇಳಲಿಲ್ಲ, ಮನಸ್ಸಿಗೆ ನೋವಾದೀತೆಂದು.

೨. ಕಟಕೋಳ

ಕಟಕೋಳಕ್ಕೆ ಸರಿಯಾದ ದಿನವೇ ಹೋದೆವು. ಹತ್ತಕ್ಕೆ ಮುಟ್ಟಿದಾಗ ವಾಲಿಬಾಲ್ ಮೈದಾನದಲ್ಲಿ ಬದನೆಕಾಯಿ, ಹಸಿಮೆಣಸಿನಕಾಯಿ, ಹಗ್ಗ, ಕೋಳಿ ಎಲ್ಲ ಇದ್ದವು. ಅಂದು ಸಂತೆ. ಸಂಘಟಕರು ಬೇಕೆಂತಲೇ ಸಂತೆಯ ದಿನ ಪಂದ್ಯ ಇಡುತ್ತಿದ್ದರು. ಜನ ಹೇಗೂ ಕೂಡಿರುತ್ತಾರೆ. ಸಂತೆ ಕಿತ್ತ ಮೇಲೆ ಆಟ.

"ಮತ್ತ ಪತ್ರದಾಗ ಹತ್ತು ಗಂಟೆ ಅಂತ ಬರದೀರಲ್ರಿ?" ಎಂದೆ.

ಸಂಘಟಕ ನನ್ನನ್ನು ಮರುಕದಿಂದ ನೋಡಿದ. "ಪತ್ರದಾಗ ಮತ್ತೇನ ಬರೀಬೇಕ್ರಿ ಸರ್? ಪತ್ರಾ ಅಂದ ಮ್ಯಾಲೆ ಹತ್ತು ಗಂಟೆ."

ಖಾಲಿ ಇದ್ದ ಕಡೆ ಬಲೆಯನ್ನಾದರೂ ಕಟ್ಟೋಣವೆಂದು ನಮ್ಮ ಹುಡುಗರು ಹೋದರು. ಬದನೆಕಾಯಿಯ ಅಜ್ಜಿ ಅವರನ್ನು ತಡೆದಳು. "ಏ ತಮ್ಮಾ, ಬಲಿ ಯಾಕ ಕಟ್ಟಾಕತ್ತಿ? ನನ್ನ ಬದನಿಕಾಯಿ ಏನ ಹಾರಿ ಹೋಗತಾವು?"

ಪಂದ್ಯ ನಾಲ್ಕಕ್ಕೆ ಶುರುವಾಯಿತು. ಅಷ್ಟರಲ್ಲಿ ಡ್ರೈವರ್ ಸಾಹೇಬರು ನಿದ್ದೆ ಮುಗಿಸಿ, ಕೋಳಿಯೊಂದನ್ನು ಕೊಂಡು ಸೀಟಿನ ಕೆಳಗೆ ಕಟ್ಟಿ, ತಮ್ಮ ಲೆಕ್ಕವನ್ನೂ ಸರಿಮಾಡಿಕೊಂಡಿದ್ದರು: ಈ ಸರ್ ಹೇಳುವ ಹತ್ತು ಎಂದರೆ ನಾಲ್ಕು. ಅವರೂ ನನಗೆ ಹೇಳಲಿಲ್ಲ.

೩. ಕಿತ್ತೂರು

ಕಿತ್ತೂರಿನ ಅಂತರಕಾಲೇಜು ಕ್ರೀಡಾಕೂಟದಲ್ಲಿ ಮೊದಲಿಗಳಾದರೆ ಮಾತ್ರ ನಮ್ಮ ಹುಡುಗಿಗೆ ಯೂನಿವರ್ಸಿಟಿ ಆಯ್ಕೆಯ ಬಾಗಿಲು. ಆಮಂತ್ರಣದಲ್ಲಿದ್ದಂತೆ ಹತ್ತಕ್ಕೆ ಉದ್ಘಾಟನೆ, ಹನ್ನೊಂದಕ್ಕೆ ಉದ್ದ ಜಿಗಿತ ಎಂದು ಡೈರಿಗೆ ಹಾಕಿದ್ದೆ.

ಮುಖ್ಯ ಅತಿಥಿಗಳು ಬರಲಿಲ್ಲ. ಕಾದು ಕಾದು ಆಟ ಶುರು ಮಾಡಿದರು. ಹುಡುಗಿ ಜಿಗಿದಳು, ಮೊದಲಿಗಳಾದಳು. ಮೂರು ಗಂಟೆಗೆ ಸಮಾರೋಪವೂ ಮುಗಿಯಿತು. ನಾಲ್ಕಕ್ಕೆ ಅತಿಥಿಗಳ ಜೀಪು ಬಂತು. ಬಿಚ್ಚಿದ್ದ ಹಂದರದ ಬಟ್ಟೆಯನ್ನು ಮತ್ತೆ ಕಟ್ಟಿ, ದೀಪ ಹಚ್ಚಿಸಿ, ಉದ್ಘಾಟನೆ ಮಾಡಿಸಿದರು.

ಆಗ ಸಮಿತಿಯ ಹಿರಿಯರೊಬ್ಬರಿಗೆ ಸಂದೇಹ ಬಂತು. ಉದ್ಘಾಟನೆಗೆ ಮೊದಲು ಜಿಗಿದದ್ದು ಜಿಗಿತವಾಗುತ್ತದೆಯೇ? ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ಅವರೇ ಬಂದರು. "ಇನ್ನೊಂದ ಸಲ ಜಿಗದಬಿಡವಾ. ಯಾರರ ತಕರಾರ ಮಾಡಿದ್ರ ನಮಗ ಕಷ್ಟ."

ಹುಡುಗಿ ಚಪ್ಪಲಿ ಬಿಟ್ಟು ಬಂದು ಮತ್ತೊಮ್ಮೆ ಜಿಗಿದಳು. ಈ ಸಲ ಒಂದು ಗೇಣು ಮುಂದೆ ಬಿದ್ದಳು. ಉದ್ಘಾಟನೆಯಿಂದ ಕ್ರೀಡೆಗೆ ಆದ ಲಾಭವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

೪. ಬೈಲಹೊಂಗಲ

ಯೂನಿವರ್ಸಿಟಿ ತಂಡದ ಆಯ್ಕೆ ಬೈಲಹೊಂಗಲದಲ್ಲಿ. ಈ ಸಲ ತಪ್ಪಬಾರದೆಂದು ಡೈರಿಯ ಜೊತೆ ಬಂದಿದ್ದ ಪುಸ್ತಕ ಓದಿ, ಹಗಲು ರಾತ್ರಿ ಸರಿಪಡಿಸಿದೆ. ಹಿಂದಿನ ದಿನ ಆಟದ ಮಾಸ್ತರರಿಗೆ ಹೇಳಿದೆ: "ಡೈರಿ ದುರಸ್ತಾಗಿದೆ. ನಾಳೆ ಹತ್ತಕ್ಕೆ. ಏಳಕ್ಕೆ ಗೇಟಿನ ಹತ್ತಿರ ಟೆಂಪೊ ಬರಲಿ."

"ಚಲೋ ಆತ್ರಿ," ಎಂದರು.

ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ನಾನೊಬ್ಬನೇ ಇದ್ದೆ. ಡೈರಿ ಸರಿಯಾದ ವೇಳೆಗೆ ಕೂಗಿತು. ಎಂಟರವರೆಗೆ ಕಾದು ಮಾಸ್ತರರ ಮನೆಗೆ ಹೋದರೆ ಅವರು ತಲೆಗೆ ಎಣ್ಣೆ ಒತ್ತಿಕೊಳ್ಳುತ್ತ ಕುಳಿತಿದ್ದರು.

"ನಾಳಿ ಅಲ್ರಿ?"

"ನಿನ್ನೆ ನಿಮಗೆ ನಾಳೆ ಅಂದಿದ್ದೆ."

"ಅದಕ್ಕ ನಾಡದ ಅಂತ ತಿಳಕೊಂಡ್ನಿ. ಡ್ರೈವರಗೂ ಹಂಗ ಹೇಳೇನಿ."

ಡ್ರೈವರ್ ಸಾಹೇಬರು ಅದಕ್ಕೆ ತಮ್ಮ ಲೆಕ್ಕ ಕೂಡಿಸಿ, ನಾಡಿದ್ದು ಸಂಜೆ ನಾಲ್ಕು ಎಂದು ನಿಗದಿ ಮಾಡಿಕೊಂಡು, ಉಳ್ಳಾಗಡ್ಡಿ ಹೇರಿಕೊಂಡು ತೊರಗಲ್ ಕಡೆ ಹೋಗಿದ್ದರು. ಎಣ್ಣೆಯ ತಲೆಗೆ ಟವೆಲ್ ಸುತ್ತಿದ ಮಾಸ್ತರರನ್ನು ಹಿಂದೆ ಕೂಡಿಸಿಕೊಂಡು ಸ್ಕೂಟರ್ ಹೊಡೆದೆ. ಸವದತ್ತಿ ದಾಟುವಾಗಲೇ ಹತ್ತಾಗಿತ್ತು. ಹೊಲಿಗೆ ಮಷಿನ್ ಇಬ್ಬರ ತಲೆಯಲ್ಲೂ ಇತ್ತು.

ಮೈದಾನ ಮುಟ್ಟಿದಾಗ ಹನ್ನೊಂದೂವರೆ. ಹುಡುಗಿ ಬೇವಿನ ಮರದ ಕೆಳಗೆ ಕುಳಿತು ಪೇರಲ ಹಣ್ಣು ತಿನ್ನುತ್ತಿದ್ದಳು. ಬೆನ್ನಿಗೆ ನಂಬರಿನ ಚೀಟಿ ಇತ್ತು.

"ಜಿಗದ್ನಿರಿ ಸರ್. ಆಯ್ಕೆ ಆಗೇತಿ," ಎಂದಳು.

"ಇವತ್ತೇ ಅಂತ ನಿನಗ ಯಾರ ಹೇಳಿದ್ರು?"

"ಪತ್ರಾ ನೋಟಿಸ್ ಬೋರ್ಡಿಗೆ ಹಚ್ಚಿತ್ತಲ್ರಿ. ಓದಿದ್ನಿ. ಅಬ್ಬಾಗೂ ಹೇಳಿದ್ನಿ. 'ಮಾಸ್ತರಕಿಂತ ಶಾಣ್ಯಾಕಿ ಆದೇನ?' ಅಂದ್ರು. ಅಮ್ಮಾಗ ಹೇಳಿ ಬಸ್ ಹತ್ತಿದ್ನಿ."

"ಟೀಮ್ ಮ್ಯಾನೇಜರ್ ಸಹಿ ಇಲ್ಲದ ಬಿಡೂದಿಲ್ಲಲ್ಲವಾ," ಎಂದರು ಮಾಸ್ತರರು.

"ಹೂಂರಿ, ಬಿಡಲಿಲ್ಲ. ಹೊಳ್ಳಿ ಸ್ಟ್ಯಾಂಡಿಗೆ ಓಡಿದ್ನಿ. ನಮ್ಮ ಬಸ್ ಅಲ್ಲೇ ನಿಂತಿತ್ತು. ಕಂಡಕ್ಟರ್ ಅಣ್ಣಾರು ಬಂದು ಸಹಿ ಮಾಡಿ ಹ್ವಾದ್ರು."

ಫಾರ್ಮು ನೋಡಿದೆ. ಸಹಿ ಮುದ್ದಾಗಿತ್ತು. ಪಕ್ಕದಲ್ಲಿ ಕಂಡಕ್ಟರ್ ರೂಢಿಯಂತೆ ತನ್ನ ಎದೆಯ ಬಿಲ್ಲೆ ನಂಬರನ್ನೂ ಬರೆದಿದ್ದ. ಖಾಕಿ ಕಂಡು ಸಂಘಟಕರು ಅವನಿಗೆ ಕುರ್ಚಿ ಕೊಟ್ಟಿದ್ದರಂತೆ. ಬಸ್ ಬಿಡುವ ಹೊತ್ತಾಯಿತೆಂದು ಅವನು ಕೂಡಲಿಲ್ಲ.

ಸೀಟು ಮರುವರ್ಷ ಸಿಕ್ಕಿತು. ಅದಕ್ಕೂ ಮೊದಲು, ಆಯ್ಕೆಯಾದ ತಿಂಗಳಿಗೆ, ಬೈಲಹೊಂಗಲದ ಸಂಘಟಕರಿಂದ ಕಾಲೇಜಿಗೆ ಒಂದು ಪತ್ರ ಬಂತು. ನಿಮ್ಮ ತಂಡದ ವ್ಯವಸ್ಥಾಪಕರ ಸಮಯಪ್ರಜ್ಞೆ ಇತರ ಕಾಲೇಜುಗಳಿಗೆ ಮಾದರಿ ಎಂದು ಬರೆದು, ಫಾರ್ಮಿನಲ್ಲಿದ್ದ ಸಹಿಯ ಹೆಸರನ್ನು ನಂಬರ್ ಸಹಿತ ಕಾಣಿಸಿದ್ದರು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಯಾರ್ರಿ ಇವರು? ನಮ್ಮಲ್ಲಿ ಏನ ಕಲಸ್ತಾರ?"

"ಭೂಗೋಳರಿ," ಎಂದೆ.

ಅವರು ಪತ್ರವನ್ನು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಗಂಭೀರವಾಗಿ ಹೇಳಿದರು: "ಮುಂದಿನ ವರ್ಷದಿಂದ ಆ ಮಷಿನ್ ಇವರ ಕೈಯಾಗ ಕೊಡ್ರಿ."