ಹಳದಿ ಅಂಗೈಯ ಡ್ರೈವರು

ಎಲ್ಲ ಶುರುವಾದದ್ದು ಒಂದು ಸೇಬಿನಿಂದ. ಮೂರು ತಿಂಗಳ ಹಿಂದೆ ಪಕ್ಕದ ಮನೆಯ ರಿಟೈರ್ಡ್ ವಿಜ್ಞಾನದ ಮೇಷ್ಟ್ರು ಅದನ್ನು ಎರಡು ಹೋಳು ಮಾಡಿ, ಒಂದಕ್ಕೆ ನಿಂಬೆರಸ ಸವರಿ, ಬಸ್ ಡ್ರೈವರನ ಮುಂದಿಟ್ಟಿದ್ದರು. ಅರ್ಧ ಗಂಟೆಯಲ್ಲಿ ಬರಿ ಹೋಳು ಕಂದಿಹೋಯಿತು. ನಿಂಬೆ ಸವರಿದ್ದು ಆಗತಾನೆ ಕೊಯ್ದಂತೆ ಬೆಳ್ಳಗೇ ಇತ್ತು.

"ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಹಿಡಿಯುತ್ತಲ್ಲ, ಹಾಗೇ ಕಣಯ್ಯಾ. ನಮ್ಮ ಮೈಯೊಳಗೂ ಅಂಥದ್ದೇ ನಡೀತಿರುತ್ತೆ. ಅದನ್ನ ತಡೆಯೋದು ಆಂಟಿಆಕ್ಸಿಡೆಂಟು. ಹಣ್ಣು, ಸೊಪ್ಪು, ಕ್ಯಾರೆಟ್ಟು, ಎಲ್ಲಾನೂ ಸ್ವಲ್ಪ ಸ್ವಲ್ಪ ತಿನ್ನು," ಎಂದಿದ್ದರು ಮೇಷ್ಟ್ರು.

ಹದಿನೆಂಟು ವರ್ಷ ಬಸ್ ಓಡಿಸಿದವನಿಗೆ ತುಕ್ಕಿನ ಪಾಠ ಬೇಕಿರಲಿಲ್ಲ. ಕಾಲಡಿಯ ತಗಡು ತೂತಾಗಿ ರಸ್ತೆ ಕಾಣಿಸುವುದನ್ನು ಅವನು ಕಣ್ಣಾರೆ ಕಂಡಿದ್ದ. ಅಂಥ ತುಕ್ಕನ್ನು ನಾಲ್ಕು ಹನಿ ನಿಂಬೆ ತಡೆದು ನಿಲ್ಲಿಸಿದ್ದು ಕಂಡು ಅವನ ಮೈ ಜುಮ್ಮೆಂದಿತು. ಅಂದಿನಿಂದ ಕರಿದ ತಿಂಡಿ ಬಿಟ್ಟ, ಸಿಗರೇಟು ಬಿಟ್ಟ. ಆದರೆ ಮೇಷ್ಟ್ರು ಹೇಳಿದ್ದರಲ್ಲಿ, ಕಣ್ಣಿಗೂ ಒಳ್ಳೆಯದೆಂದು, ಕ್ಯಾರೆಟ್ಟೊಂದನ್ನೇ ಗಟ್ಟಿಯಾಗಿ ಹಿಡಿದ. ದಿನಕ್ಕೆ ಹನ್ನೆರಡು.

ಕಾರಣವಿತ್ತು. ಇವತ್ತು ಡಿಪೋದಲ್ಲಿ ವರ್ಷದ ವೈದ್ಯಕೀಯ ಪರೀಕ್ಷೆ. ಫೇಲಾದರೆ ಬಸ್ಸಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸುತ್ತಾರೆ. ಬೆಟ್ಟದ ರೂಟಿನ ಮೂವತ್ತೆರಡು ತಿರುವುಗಳೆಂದರೆ ಅವನಿಗೆ ಪ್ರಾಣ. ಅದನ್ನು ಬಿಟ್ಟು ಕುರ್ಚಿಯಲ್ಲಿ ಕೂರುವುದು ಅವನಿಂದಾಗದ ಮಾತು.

ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಹೆಂಡತಿ ಅವನ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಏನ್ರೀ ಇದು, ಅಂಗೈ ಇಷ್ಟು ಹಳದಿ?"

ಅವಳ ದನಿಗೆ ಎದುರು ಮನೆಯ ದರ್ಜಿ ಟೇಪಿನ ಸಮೇತ ಓಡಿಬಂದ. "ಕಾಮಾಲೆ, ಅನುಮಾನಾನೇ ಇಲ್ಲ," ಎಂದ.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನೀನೇ ನೋಡ್ಕೊ." ದರ್ಜಿ ಅವನ ಸೊಂಟಕ್ಕೆ ಟೇಪು ಸುತ್ತಿದ. "ನೋಡಮ್ಮಾ, ಎರಡಿಂಚು ಇಳಿದಿದ್ದಾನೆ. ಒಳಗೆ ಲಿವರ್ ಕರಗ್ತಾ ಇದೆ."

ಹೆಂಡತಿ ಅಳಲು ಕೂತಳು. ಡ್ರೈವರು ಚಳಿಗಾಲದ ಉಣ್ಣೆಯ ಕೈಗವಸು ಏರಿಸಿಕೊಂಡು, ಬಿರುಬಿಸಿಲಲ್ಲಿ ಡಿಪೋ ಸೇರಿದ. ಹಾಜರಿ ಪುಸ್ತಕಕ್ಕೆ ಸಹಿ ಮಾಡಲು ಬಲಗೈ ಗವಸು ತೆಗೆಯಲೇಬೇಕಾಯಿತು. ಪಕ್ಕದಲ್ಲಿದ್ದ ಕಂಡಕ್ಟರು ಕಂಡು ಮೂರು ಹೆಜ್ಜೆ ಹಿಂದಕ್ಕೆ ಹಾರಿದ. ಮರುಕ್ಷಣ ಇಡೀ ಡಿಪೋ ಅವನಿಗೆ ದಾರಿ ಬಿಟ್ಟಿತು. ಆ ಪೆನ್ನನ್ನು ಮತ್ತೆ ಯಾರೂ ಮುಟ್ಟಲಿಲ್ಲ.

"ನಂಗೇನೂ ಆಗಿಲ್ಲ ಸಾರ್," ಎಂದು ಅವನು ಅಂಗಲಾಚುತ್ತಿದ್ದರೂ ಮ್ಯಾನೇಜರು ದೂರದಿಂದಲೇ ಡಾಕ್ಟರ ಕೋಣೆಯತ್ತ ಕೈ ತೋರಿಸಿದರು.

ಡಾಕ್ಟರಮ್ಮ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಕಣ್ಣು ಬೆಳ್ಳಗಿದೆ. ಕಾಮಾಲೆ ಆಗಿದ್ರೆ ಇಲ್ಲೂ ಹಳದಿ ಕಾಣ್ತಿತ್ತು. ದಿನಾ ಏನು ತಿಂತೀರಿ?"

ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ರಕ್ತ ಪರೀಕ್ಷೆಯ ವರದಿಯೂ ಬಂದ ಮೇಲೆ ಡಾಕ್ಟರಮ್ಮ ನಕ್ಕರು. "ದೇಹ ತನಗೆ ಬೇಕಾದಷ್ಟು ತಗೊಂಡಿದೆ. ಮಿಕ್ಕ ಬಣ್ಣ ಚರ್ಮದಲ್ಲಿ ಕೂತಿದೆ, ಅಷ್ಟೇ. ಕ್ಯಾರೆಟ್ ಕಮ್ಮಿ ಮಾಡಿ, ತಾನಾಗೇ ಹೋಗುತ್ತೆ. ಸಿಗರೇಟು ಬಿಟ್ಟಿದ್ದು ಒಳ್ಳೇದಾಯ್ತು. ಈ ಡಿಪೋದಲ್ಲಿ ಇಷ್ಟು ಚೆನ್ನಾಗಿರೋ ರಿಪೋರ್ಟು ನಾನು ನೋಡೇ ಇಲ್ಲ."

ಡ್ರೈವರು ತನ್ನ ಅಂಗೈಯನ್ನು ಹೊಸದಾಗಿ ನೋಡಿಕೊಂಡ. ಮಣ್ಣಿನಡಿ ಕತ್ತಲಲ್ಲಿ ಬೆಳೆದ ಗೆಡ್ಡೆಯ ಬಣ್ಣ ಯಾವ ಯಾವ ದಾರಿ ಹಿಡಿದು ಇಲ್ಲಿಗೆ ಬಂದು ಕೂತಿತು? ಬೆಟ್ಟದ ತುದಿಯಿಂದ ಕೆಳಗೆ ನೋಡಿದಾಗಲೂ ಅವನಿಗೆ ಇಷ್ಟು ಬೆರಗಾಗಿರಲಿಲ್ಲ. ಹೊರಗೆ ಸುದ್ದಿ ಹಬ್ಬಿ, ಹೆದರಿ ಓಡಿದವರೆಲ್ಲ ಸಾಲು ನಿಂತು ಆ ಕೈ ಮುಟ್ಟಿ ನೋಡಿದರು. ಕಂಡಕ್ಟರು ಎರಡು ಸಲ ಮುಟ್ಟಿದ.

ಮ್ಯಾನೇಜರು ರಿಪೋರ್ಟು ಹಿಡಿದು ಬಂದರು. ಅವರ ಕಣ್ಣೂ ಅರಳಿತ್ತು. "ಅದ್ಭುತ ಕಣಯ್ಯಾ. ಇಲ್ಲಿ ಅರ್ಧ ಜನಕ್ಕೆ ಬಿಪಿ, ಶುಗರು. ನಿನ್ನಂಥವನನ್ನ ಬಸ್ಸಲ್ಲಿ ಕೂರಿಸಿ ಹಾಳು ಮಾಡೋದಾ? ನಾಳೆಯಿಂದ ಆಫೀಸಲ್ಲೇ ಇದ್ದು ಎಲ್ಲರಿಗೂ ಊಟದ ಪಾಠ ಹೇಳಿಕೊಡು. ಬೆಟ್ಟದ ರೂಟು ಬೇರೆಯವರು ನೋಡ್ಕೋತಾರೆ."

ಡ್ರೈವರು ಜೇಬಿನಿಂದ ಬಸ್ಸಿನ ಕೀಲಿ ತೆಗೆದು ಬಲಗೈಯಲ್ಲಿ ಬಿಗಿಹಿಡಿದ. ಮರುಕ್ಷಣ ಎರಡೂ ಅಂಗೈ ಮುಂದೆ ಚಾಚಿದ. "ಸಾರ್, ನಿಜ ಹೇಳ್ತೀನಿ, ನಂಗೆ ಹುಷಾರಿಲ್ಲ. ನೋಡಿ ಸಾರ್, ಕಾಮಾಲೆ."

ಮ್ಯಾನೇಜರು ಆ ಹಳದಿಯನ್ನು ಭಕ್ತಿಯಿಂದ ನೋಡಿ, ಬಲ ಅಂಗೈ ಮೇಲಿದ್ದ ಬಸ್ಸಿನ ಕೀಲಿಯನ್ನು ಮೆಲ್ಲಗೆ ಎತ್ತಿಕೊಂಡರು.