ಹಡಗಿನ ನಟ್ಟನಡುವಿನ ಕೋಣೆ

ಮರ್ಯಾದೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬಸ್ಸಿನಲ್ಲಿ ಯಾರಾದರೂ ತಾವಾಗಿ ಎದ್ದು "ಬರ್ರಿ, ಇಲ್ಲೆ ಕುಂದರ್ರಿ" ಎಂದರೆ ನಾನು ಕೂಡುವ ಮುಂಚೆ ಸೀಟಿನ ಮೇಲೆ ಕೈಯಾಡಿಸಿ ನೋಡುತ್ತೇನೆ. ಮೊಳೆ ಎದ್ದಿರುತ್ತದೆ, ಇಲ್ಲವೇ ಬಿಸಿಲು ಬೀಳುತ್ತಿರುತ್ತದೆ, ಎರಡೂ ಇಲ್ಲದಿದ್ದರೆ ಪಕ್ಕದವನ ತೊಡೆಯ ಮೇಲೆ ಕಾಲು ಕಟ್ಟಿದ ಕೋಳಿ ಇರುತ್ತದೆ. ಒಳ್ಳೆಯ ಜಾಗವನ್ನು ಬರೀ ಮರ್ಯಾದೆಗಾಗಿ ಬಿಟ್ಟುಕೊಟ್ಟವನನ್ನು ನಾನು ಹುನಗುಂದದಿಂದ ಬಾದಾಮಿಯವರೆಗೆ ಎಲ್ಲಿಯೂ ಕಂಡಿಲ್ಲ. ಈ ಅನುಮಾನ ನನಗೆ ತಾಯಿಯ ಕಡೆಯಿಂದ ಬಂದದ್ದು. ಪೂರಾ ಆಸ್ತಿ ಇಳಕಲ್ಲಿನ ನನ್ನ ಸೋದರಮಾವ ಸಂಗಪ್ಪನವರ ಹತ್ತಿರವೇ ಇದೆ. ನನಗೆ ಸಿಕ್ಕಿದ್ದು ಸಣ್ಣ ಪಾಲು.

ಸಂಗಪ್ಪ ಮಾಮಾ ಸೀರೆಯ ವ್ಯಾಪಾರಿ. ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡದೆ ದೇವರು ಕೊಟ್ಟರೂ ತೆಗೆದುಕೊಳ್ಳುವವರಲ್ಲ. ಅವರ ಮಗಳು ಗಂಗಾಳನ್ನೇ ನಾನು ಮದುವೆಯಾದದ್ದು. ಕೊಡುವ ಮುಂಚೆ ನನ್ನನ್ನೂ ಎರಡು ವರ್ಷ ಹಾಗೆಯೇ ತಿಕ್ಕಿ ನೋಡಿದರು. ಕಾರಣವಿತ್ತು. ನಾನು ಹುಟ್ಟಾ ನಕಲಿ ಮಾಡುವವನು. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ನಾನು ಗುಮಾಸ್ತೆಯಾಗಿರುವ ಹತ್ತಿ ಅಂಗಡಿಯ ಸಾಹುಕಾರರ ಆಕಳಿಕೆ, ಕನ್ನಡಿಯ ಮುಂದೆ ಮೀಸೆ ತಿರುವುವ ನನ್ನದೇ ಅವತಾರ, ಯಾವುದನ್ನೂ ಬಿಟ್ಟವನಲ್ಲ. ಆದರೆ ಊರಿನವರು ಬೇಡಿ ಬೇಡಿ ಕೇಳುತ್ತಿದ್ದದ್ದು 'ಮಾಮಾನ ಬಸ್ ಪ್ರಯಾಣ'. ಬಾಗಲಕೋಟೆಯಿಂದ ಹೊರಟ ಬಸ್ಸು ಶಿರೂರು ಮುಟ್ಟುವುದರೊಳಗೆ ಮಾಮಾನಿಗೆ ವಾಂತಿ ಆಗಲೇಬೇಕು. ಅದಕ್ಕೊಂದು ಶಿಸ್ತು ಇದೆ. ಮೊದಲು ಏನೋ ಮರೆತದ್ದು ನೆನಪಾದವರ ಹಾಗೆ "ಹ್ಞೂಂ" ಎನ್ನುತ್ತಾರೆ. ಆಮೇಲೆ ಕಿಡಕಿಯಿಂದ ಆಕಾಶ ನೋಡಿ "ಸಂಗಯ್ಯಪ್ಪಾ!" ಎಂದು ಕೂಡಲಸಂಗಯ್ಯನನ್ನು ಕರೆಯುತ್ತಾರೆ. ಮೂರನೆಯದನ್ನು ಬರೆಯಲು ಬರುವುದಿಲ್ಲ, ಮಾಡಿಯೇ ತೋರಿಸಬೇಕು. ನನ್ನ ಮದುವೆಯ ದಿನ ಚಪ್ಪರದ ಕೆಳಗೆ ಮಾಡಿ ತೋರಿಸಿದೆ. ಬೀಗರು ಬಿದ್ದು ಬಿದ್ದು ನಕ್ಕರು. ಮಾಮಾ ಬಾಯಿಂದಷ್ಟೇ ನಕ್ಕು, ಆಮೇಲೆ ಪಕ್ಕಕ್ಕೆ ಕರೆದು ಹೇಳಿದರು: "ತಮ್ಮಾ, ನಿನಗೂ ಒಂದ ದಿನಾ ಬರ್ತೈತಿ. ಅವತ್ತ ನಾ ಅಲ್ಲೇ ಇರ್ತೇನಿ."

ಈಗ ನಿಮಗೊಬ್ಬರಿಗೇ ಹೇಳುತ್ತೇನೆ, ನನಗೂ ಬರುತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲಿ ನಿಂತು ಗಾಳಿಗೆ ಕೂದಲು ಹಾರಿಸಿಕೊಂಡು ಹೋಗುತ್ತಿದ್ದದ್ದು ಷೋಕಿಗಲ್ಲ, ಹೊಟ್ಟೆಗಾಗಿ. ಈ ಗುಟ್ಟು ಮಾಮಾನಿಗೆ ಸಿಕ್ಕರೆ ಇಳಕಲ್ಲಿನ ಒಂದೊಂದು ಮಗ್ಗದ ಮನೆಗೂ ಹೋಗಿ ಹೇಳಿ ಬರುವವರು.

ಇಂಥದರಲ್ಲಿ ಗಂಗಾ ಸಮುದ್ರ ನೋಡಬೇಕೆಂದಳು. ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಗೋವಾಕ್ಕೆ ಬರುವುದೆಂದಾಯಿತು. ಸುದ್ದಿ ತಿಳಿದ ಮಾಮಾ ಚೀಲ ತುಂಬಿಕೊಂಡು ಬಂದೇಬಿಟ್ಟರು. "ಮಗಳನ್ನ ನಿನ್ನ ಕೂಡ ನೆಲದ ಮ್ಯಾಲೆ ಕಳಿಸಿದ್ದ ಹೆಚ್ಚಾಗೇತಿ, ನೀರಿನ ಮ್ಯಾಲೆ ಒಬ್ಬಾಕಿನ್ನ ಕಳಸಂಗಿಲ್ಲ." ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ರೊಟ್ಟಿಯ ಗಂಟು. ಮಾಮಾನ ಜೇಬಿನಲ್ಲಿ ಲಿಂಬೆಹಣ್ಣು.

ನಾನು ಹೊರಡುವ ಮೊದಲೇ ಗುಪ್ತ ತನಿಖೆ ನಡೆಸಿದ್ದೆ. ಬಾಗಲಕೋಟೆಯಲ್ಲಿ ಕಾರವಾರ ಕಡೆಯ ಬ್ಯಾಂಕ್ ಗುಮಾಸ್ತರೊಬ್ಬರಿದ್ದರು. "ಯಾರಿಗೋ ಬೇಕಾಗಿತ್ತು" ಎಂದು ಹೇಳಿ, ಹಡಗಿನಲ್ಲಿ ವಾಂತಿ ಬಾರದ ಜಾಗ ಯಾವುದೆಂದು ಕೇಳಿದೆ. "ಹಡಗಂದ್ರೆ ತಕ್ಕಡಿ ಮಾರಾಯ್ರೇ. ತುದಿ ಏಳ್ತದೆ, ಬೀಳ್ತದೆ. ಮುಂದಿನದ್ದು ಬೇಡ, ಮೇಲಿನದ್ದೂ ಬೇಡ. ನಟ್ಟನಡುವೆ, ಕೆಳಗಿನ ಕೋಣೆ ಹಿಡೀಲಿಕ್ಕೆ ಹೇಳಿ ಅವರಿಗೆ" ಎಂದರು. ತಕ್ಕಡಿಯಲ್ಲಿ ನಡುವಿನ ಮುಳ್ಳೂ ಅಲ್ಲಾಡುತ್ತದಲ್ಲ ಎಂದು ದಾರಿಯಲ್ಲಿ ಅನುಮಾನ ಬಂತು. ಸಮುದ್ರದ ದಂಡೆಯವರು ನಮ್ಮಂಥ ಎರೆಭೂಮಿಯವರಿಗೆ ಸುಮ್ಮಸುಮ್ಮನೆ ಒಳ್ಳೆಯದನ್ನೇಕೆ ಹೇಳುತ್ತಾರೆ? ಆದರೂ ಬೇರೆ ಗತಿಯಿರಲಿಲ್ಲ, ನಂಬಿದೆ.

ಮುಂಬಯಿಯಲ್ಲಿ ಮಾಮಾನಿಗೆ ಪರಿಚಯದ ಸೀರೆ ಅಂಗಡಿಯವರು ಎರಡು ಕೋಣೆ ಹಿಡಿದಿಟ್ಟಿದ್ದರು. ಒಂದು ಮೇಲೆ, ಹಡಗಿನ ಮೂತಿಯ ಹತ್ತಿರ, ದೊಡ್ಡ ಕಿಡಕಿಯದು. ಇನ್ನೊಂದು ಕೆಳಗೆ, ನಟ್ಟನಡುವೆ, ರೊಟ್ಟಿಯಗಲದ ಗಾಜಿನ ತೂತು, ಎಂಜಿನ್ನಿನ ಗುಡುಗುಡು. ನನ್ನ ಜೀವ ಕೆಳಗಿನದರಲ್ಲಿ ಹೋಗಿ ಕುಳಿತೇಬಿಟ್ಟಿತು. ಮುಖದಲ್ಲಿ ವಿನಯ ತಂದುಕೊಂಡು ಅಂದೆ: "ಮಾಮಾ, ನೀವು ಹಿರ್ಯಾರು. ಮ್ಯಾಲಿಂದು, ಮುಂದಿಂದು, ನೀವ ತೊಗೊಳ್ರಿ. ದೊಡ್ಡ ಕಿಡಕಿ ಐತಿ."

ಮಾಮಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹುಟ್ಟಿದಾಗಿಂದ ನನಗೊಂದು ಕುಂದ್ರೂ ಮಣಿ ಸುದ್ದಾ ಕೊಟ್ಟಿಲ್ಲ ನೀ. ಇವತ್ತ ಕಿಡಕಿ ಕೊಡಾಕತ್ತಿ. ಏನೈತಿ ಅದರಾಗ?"

"ಏನಿಲ್ರಿ. ಮರ್ಯಾದಿ."

"ಅದಕ್ಕ ಕೇಳಾಕತ್ತೇನಿ."

ಎರಡೂ ಕೋಣೆ ಹೊಕ್ಕು ಹಾಸಿಗೆಯ ಬಟ್ಟೆ ತಿಕ್ಕಿದರು, ಗೋಡೆ ಬಡಿದು ನೋಡಿದರು, ಕೆಳಗಿನದೇ ತಮಗಿರಲಿ ಎಂದರು. ನಾನು ಎದೆ ಗಟ್ಟಿ ಮಾಡಿ, ನಗುತ್ತ, "ಹಂಗ ಆಗ್ಲಿ, ನನಗೂ ಮ್ಯಾಲಿಂದ ಬೇಕಾಗಿತ್ತು" ಎಂದೆ. ಮಾಮಾನ ಕಣ್ಣು ಸಣ್ಣಗಾದವು. "ಇಷ್ಟ ಲಗೂನ ಒಪ್ಪಿದಿ? ಹಂಗಾರ ಮ್ಯಾಲಿಂದ ನನಗ ಕೊಡು." ನನ್ನ ಮುಖದ ಮೇಲೆ ಸಂತೋಷ ಒಂದು ಚಣ ಹೆಚ್ಚಾಗಿ ನಿಂತಿತೆಂದು ಕಾಣುತ್ತದೆ, "ಬ್ಯಾಡ, ಕೆಳಗಿಂದ ಇರ್ಲಿ" ಎಂದರು. ಗಂಟುಗಳು ಏಣಿ ಹತ್ತಿದವು, ಇಳಿದವು, ಮತ್ತೆ ಹತ್ತಿದವು. ಹಡಗು ಹೊರಡುವ ಮೊದಲೇ ರೊಟ್ಟಿಗಳು ಅರ್ಧ ಪ್ರಯಾಣ ಮುಗಿಸಿದ್ದವು.

ಕೊನೆಗೆ ಗಂಗಾ ಸಿಟ್ಟಿಗೆದ್ದಳು. "ಅಪ್ಪಾ, ನಿಮಗಿಬ್ಬರಿಗೂ ಕೆಳಗಿಂದ ಬೇಕಾಗೇತಿ. ಇಬ್ರೂ ಅದರಾಗ ಬಿದ್ಕೊಳ್ರಿ. ನಾ, ಅವ್ವಾ ಕಿಡಕೀದ್ರಾಗ ಇರ್ತೀವಿ. ಸಮುದ್ರ ನೋಡಾಕ ಬಂದಾಕಿ ನಾ!" ಬಾಗಿಲು ಹಾಕಿಕೊಂಡಳು.

ಹೀಗೆ ಮದುವೆಯಾದ ಹೊಸತಿನಲ್ಲಿ ನಾನು ಸೋದರಮಾವನ ಜೊತೆ ಒಂದೇ ಕೋಣೆಯಲ್ಲಿ ಸಮುದ್ರಯಾನ ಹೊರಟೆ. ಬೇಕಾದ ಕೋಣೆಯೇ ಸಿಕ್ಕಿತ್ತು. ಜೊತೆಗೆ, ಯಾರ ಕಣ್ಣಿಗೆ ಬೀಳಬಾರದೆಂದು ಅದನ್ನು ಬಯಸಿದ್ದೆನೋ ಆ ಕಣ್ಣುಗಳೂ ಮೊಳದ ದೂರದಲ್ಲಿದ್ದವು.

ಮಧ್ಯಾಹ್ನದವರೆಗೆ ಕಾರವಾರದವರ ಮಾತು ನಿಜವೆನಿಸಿತು. ಊಟವಾದ ಮೇಲೆ ಗಾಳಿ ಎದ್ದಿತು. ಕೋಣೆ ಮೆಲ್ಲಗೆ ಏರಿತು, ಸ್ವಲ್ಪ ಹೊತ್ತು ಯೋಚನೆ ಮಾಡಿತು, ಇಳಿಯಿತು. ನಡುವಿನ ಕೋಣೆಯೇ ಹೀಗಾದರೆ ಮೂತಿಯ ಗತಿಯೇನು ಎಂದುಕೊಂಡೆ. ಎಂಜಿನ್ನಿನ ಎಣ್ಣೆಯ ವಾಸನೆ ಬೇರೆ. ಮಾಮಾ ಧೋತರದ ಚುಂಗು ಮುಖದ ಮೇಲೆ ಎಳೆದುಕೊಂಡು, ಲಿಂಬೆಹಣ್ಣು ಮೂಗಿಗೆ ಹಿಡಿದು, ಗೋಡೆಯ ಕಡೆ ಹೊರಳಿ ಮಲಗಿದ್ದರು. ನಾನು ಹಲ್ಲು ಕಚ್ಚಿ, ಮೂಲೆಯಲ್ಲಿದ್ದ ಬೋಗುಣಿಯನ್ನು ಸದ್ದಾಗದಂತೆ ತೊಡೆಯ ಮೇಲಿಟ್ಟುಕೊಂಡೆ. ಆಗ ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ಹ್ಞೂಂ."

ಧೋತರದ ಒಳಗಿನಿಂದ ದನಿ ಬಂತು. "ಇಲ್ಲೂ ನನ್ನ ನಕಲಿ ಶುರು ಮಾಡಿದೇನ್ಲೇ?"

ಇಲ್ಲ ಎನ್ನಲು ಬಾಯಿ ತೆರೆದರೆ "ಸಂಗಯ್ಯಪ್ಪಾ!" ಎಂದು ಬಂತು. ಏನು ಮಾಡಲಿ, ಇಷ್ಟು ವರ್ಷ ಮಾಮಾನದನ್ನೇ ಮಾಡಿ ಮಾಡಿ ನನ್ನ ಹೊಟ್ಟೆಗೆ ವಾಂತಿಯ ಬೇರೆ ರೀತಿಯೇ ಗೊತ್ತಿರಲಿಲ್ಲ. ಹಿಂದೆಯೇ ಮೂರನೆಯದೂ ಆಯಿತು. ಧೋತರ ಅಲುಗಾಡತೊಡಗಿತು. ಮಾಮಾ ನಗುತ್ತಿದ್ದರು. "ದನಿ ಸಣ್ಣದಾತು. ನಂದು ಹೊಟ್ಟಿ ತಳದಾಗಿಂದ ಬರ್ತೈತಿ. ಇನ್ನೊಮ್ಮೆ ಮಾಡು." ಇನ್ನೊಮ್ಮೆಯೂ ಆಯಿತು. "ಹಾಂ, ಈಗ ಖರೆ!"

ನಕ್ಕು ನಕ್ಕು ಅವರ ಓಕರಿಕೆ ಎಲ್ಲಿಗೆ ಓಡಿತೋ ಗೊತ್ತಿಲ್ಲ. ನನ್ನ ಮಾನ ಮಾತ್ರ ಉಳಿದಿತ್ತು, ಮಾನದ ಹೊರತು ಒಳಗೆ ಇನ್ನೇನೂ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಮಾನವೂ ಬೇಡವೆನಿಸಿ ಕೈ ಚಾಚಿದೆ. "ಮಾಮಾ, ಶರಣಾದೆ. ಖರೇನ ಬರಾಕತ್ತೇತ್ರಿ. ಲಿಂಬಿಹಣ್ಣ ಕೊಡ್ರಿ."

"ಎಷ್ಟ ಛಲೋ ಮಾಡ್ತಿಯೋ! ಅಳೂ ಮಾರಿ ನೋಡಬೇಕಿತ್ತು ನಿಂದು, ಆದ್ರ ಕಣ್ಣ ತೆರದ್ರ ನನಗ ಆಗಿಬರಂಗಿಲ್ಲ" ಎಂದು ಹಣ್ಣನ್ನು ಮತ್ತೊಮ್ಮೆ ಮೂಸಿ ಜೇಬಿಗೆ ಹಾಕಿಕೊಂಡರು. ನಾನು ಬೋಗುಣಿಗೆ ಟವೆಲು ಮುಚ್ಚಿ ಹೊರಗೆ ಹೋಗಿ ತೊಳೆದು ಬಂದೆ. ಮರುದಿನ ಗಂಗಾ ಕಿಡಕಿಯ ಕೋಣೆಯಿಂದ ಹೂವಿನಂತೆ ಇಳಿದು ಬಂದು, "ಏನ್ರಿ, ರಾತ್ರಿ ನಿದ್ದಿ ಬರಲಿಲ್ಲೇನು?" ಎಂದಳು. ಅವಳಿಗೆ ಹಡಗು ಅಲುಗಾಡಿದ್ದೇ ಗೊತ್ತಾಗಿರಲಿಲ್ಲ.

ಊರಿಗೆ ಬಂದ ಮೇಲೆ ಮಾಮಾ ಇಳಕಲ್ಲಿನ ಕಟ್ಟೆಯ ಮೇಲೆ ಕುಳಿತು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನೆರೆದವರು ಬಿಡಲಿಲ್ಲ, ಮಾಡಿ ತೋರಿಸು ಎಂದರು. ನಾನು ಜೀವ ಒತ್ತೆಯಿಟ್ಟು ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮಾ ಮಾತ್ರ ಎಲೆಗೆ ಸುಣ್ಣ ಸವರುತ್ತ, ನನ್ನ ಕಡೆ ನೋಡದೆ, ತಲೆಯಾಡಿಸಿದರು.

"ಊಹ್ಞೂಂ. ಹಡಗಿನ್ಯಾಗ ಇದಕಿಂತ ಛಲೋ ಬಂದಿತ್ತು."

ಬಂದಿತ್ತು. ಏನು ಬಂದಿತ್ತು, ನಕಲಿಯೋ, ಅಸಲಿಯೋ? ಕೇಳಿದರೆ ನಾನೇ ಒಪ್ಪಿಕೊಂಡಂತೆ. ಹಾಗಾಗಿ ಆ ಒಂದು ಮಾತನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟುಕೊಂಡು ಇನ್ನೂ ತಿಕ್ಕುತ್ತಲೇ ಇದ್ದೇನೆ.