ಮೂರು ಮೀನುಗಳ ಮೇಲೆ ನನ್ನ ಉಪನ್ಯಾಸ

ಮೀನುಗಳ ಉದಾಹರಣೆ ಕೊಟ್ಟರೆ ಯಾವ ಜಗಳವೂ ತೀರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವನಿಗೆ ಇಂಥ ನಂಬಿಕೆಗಳು ಅಂಟಿಕೊಂಡುಬಿಡುತ್ತವೆ.

ನಮ್ಮೂರು ಮರ್ಕಂಜದಲ್ಲಿ ನನ್ನ ಮತ್ತು ಅಣ್ಣನ ಮನೆಗಳ ನಡುವೆ ಒಂದು ಕೆರೆ. ಆಸ್ತಿ ಪಾಲಾಗುವಾಗ ಅದೊಂದನ್ನು ಮಾತ್ರ ಇಬ್ಬರಿಗೂ ಎಂದು ಬಿಟ್ಟಿದ್ದೆವು. ಈಗ ಅಣ್ಣ ಅದರ ಮಧ್ಯೆ ಗೋಡೆ ಕಟ್ಟುವ ಹಟ ಹಿಡಿದ. ಆ ಕೆರೆ ಬಿಟ್ಟರೆ ನಮ್ಮಿಬ್ಬರಿಗೆ ಮಾತಾಡಲು ಬೇರೆ ವಿಷಯವೇ ಇರಲಿಲ್ಲ; ಗೋಡೆ ಎದ್ದರೆ ಅದೂ ಹೋಗುತ್ತಿತ್ತು. ಆದ್ದರಿಂದ ಅವನನ್ನು ದಂಡೆಗೆ ಆಹ್ವಾನಿಸಿದೆ.

"ನೋಡು ಅಣ್ಣ, ಕಾಟ್ಲಾ, ರೋಹು, ಮೃಗಾಲ್ ಮೂರೂ ಹತ್ತಿರದ ಸಂಬಂಧಿಗಳು. ಕಾಟ್ಲಾ ಮೇಲೆ ತಿನ್ನುದು, ರೋಹು ನಡುವೆ, ಮೃಗಾಲ್ ಅಡಿಯ ಕೆಸರಲ್ಲಿ. ಒಂದೇ ನೀರು, ಗಲಾಟೆ ಇಲ್ಲ!"

"ನಾನು ಅದರಲ್ಲಿ ಯಾವುದು ಮಾರಾಯ? ಕೆಸರಿನದ್ದಾ?"

ಅಣ್ಣ ನಕ್ಕ ಎಂದು ಮೊದಲು ಬರೆದಿದ್ದೆ. ಅವನು ನಗಲಿಲ್ಲ. ಆ ನಗು ನಾನು ಆಮೇಲೆ ಸೇರಿಸಿಕೊಂಡದ್ದು.

ಪ್ರಾತ್ಯಕ್ಷಿಕೆಗೆಂದು ನನ್ನ ಬದಿಯ ಮೆಟ್ಟಿಲಿಳಿದೆ. ಅಷ್ಟೇ! ಮೇಲಿನವು, ನಡುವಿನವು, ಕೆಸರಿನವು, ಇಡೀ ಕೆರೆಯೇ ಬಾಯಿ ತೆರೆದುಕೊಂಡು ನನ್ನ ಕಾಲಬುಡಕ್ಕೆ ನುಗ್ಗಿತು. ಒಂದರ ಬೆನ್ನ ಮೇಲೆ ಒಂದು! ಅಣ್ಣನ ಬದಿಯ ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

"ಓಹೋ! ನಿನ್ನ ಕಾಲಿನ ಸಪ್ಪಳವೂ ಗೊತ್ತುಂಟು ಅವಕ್ಕೆ. ಎಷ್ಟು ಸಮಯದಿಂದ ನಡೀತಾ ಉಂಟು ಇದು?"

"ಇಲ್ಲ ಅಣ್ಣ, ಬೆಳಿಗ್ಗೆ ಒಂದು ಮುಷ್ಟಿ ಅನ್ನ..."

"ಮುಷ್ಟಿಯಾ?" ಎಂದಳು ಹಿಂದೆ ನಿಂತಿದ್ದ ನನ್ನ ಹೆಂಡತಿ ಲಲಿತಾ. ಸತ್ಯ ಹೇಳಲು ಅವಳಿಗೆ ಅದೇ ಮುಹೂರ್ತ ಸಿಕ್ಕಿತು. "ದಿನಾ ಒಂದು ಪಾತ್ರೆ ಖಾಲಿ ಮಾಡ್ತಾರೆ ಭಾವ. ಹೇಳಿ ಹೇಳಿ ನನಗೆ ಸಾಕಾಯ್ತು."

ಒಪ್ಪುತ್ತೇನೆ. ಮೀನುಗಳು ನನ್ನನ್ನು ಗುರುತಿಸುವುದು ನನಗೆ ಇಷ್ಟವಿತ್ತು. ತಮ್ಮ ಪಾಡಿಗೆ ಹಂಚಿಕೊಂಡು ತಿನ್ನುತ್ತಿದ್ದವುಗಳನ್ನು ಅನ್ನ ಹಾಕಿ ಕೆಡಿಸಿದ್ದು ನಾನೇ.

"ತಿನ್ಲಿಕ್ಕೆ ಹಾಕಿ ಹಾಕಿ ನಿನ್ನ ಬದಿಗೆ ಮಾಡಿಕೊಂಡಿದ್ದಿ. ಅಪ್ಪನನ್ನೂ ನೀನು ಹೀಗೇ ಮಾಡಿದ್ದು," ಎಂದು ಅಣ್ಣ ಹೊರಟುಹೋದ.

ಬೇಸಿಗೆಯಲ್ಲಿ ನೀರು ತಗ್ಗಿದ್ದೇ ಕೆಂಪುಕಲ್ಲಿನ ಗೋಡೆ ಎದ್ದಿತು. ಕಟ್ಟುವಾಗ ಮೀನುಗಳೆಲ್ಲ ಎಲ್ಲಿದ್ದವು? ನನ್ನ ಮೆಟ್ಟಿಲ ಹತ್ತಿರ, ಅನ್ನ ಕಾಯುತ್ತ! ಹೀಗೆ ನಾನು ಸಮಸ್ತ ಮತ್ಸ್ಯ ಸಂಪತ್ತಿನ ಏಕೈಕ ವಾರಸುದಾರನಾದೆ.

ಮೊನ್ನೆ ಲಲಿತಾ ರೋಹು ಸಾರು ಮಾಡಿದಳು. ಆ ಮೀನಿನ ಮೈತುಂಬ ಸಣ್ಣ ಸಣ್ಣ ಮುಳ್ಳು. ಗೋಡೆ ಏಳುವ ಮೊದಲು, ಕೆರೆಗೆ ಬಲೆ ಹಾಕಿದ ದಿನ ಎರಡೂ ಮನೆಯವರು ಒಟ್ಟಿಗೆ ಉಣ್ಣಲು ಕೂತಾಗ, ಅಣ್ಣನೇ ಮುಳ್ಳು ಬಿಡಿಸಿ ನನ್ನ ಬಟ್ಟಲಿಗೆ ಹಾಕುತ್ತಿದ್ದ. ಅರುವತ್ತು ದಾಟಿದ ವಿಜ್ಞಾನ ಮೇಷ್ಟ್ರಿಗೆ ಮೀನು ತಿನ್ನಲು ಬರುವುದಿಲ್ಲ!

ಬರೀ ಸಾರು ಹಾಕಿಸಿಕೊಂಡು ಉಂಡೆ.